ಉಳಿದ ಹೂವು ಚೆಲ್ಲಿಬಿಡ್ರಿ

೨೦೨೪ರ ನವೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ಗದಗಿನ ಆ ಮನೆಯ ಪಡಸಾಲೆಯಲ್ಲಿ ಹೆಣ್ಣು ನೋಡಲು ಹರ್ತಿಯಿಂದ ಬಂದವರು ಕುಳಿತಿದ್ದರು. ಅಡುಗೆಮನೆಯಲ್ಲಿ ನೇತ್ರಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಎಡಗೆನ್ನೆ ಕೆಂಪಗೆ ಉಬ್ಬಿತ್ತು. ಮುಟ್ಟಿದರೆ ಉರಿ, ಮುಟ್ಟದಿದ್ದರೂ ಉರಿ...

"ಸೆರಗು ಈ ಕಡಿ ತಗೋ. ಅರ್ಧ ಮುಖ ಕಂಡ್ರ ಸಾಕು," ಎಂದಳು ಸೋದರತ್ತೆ ರೇಣುಕವ್ವ.

"ಅರ್ಧ ಮುಖ ತೋರಿಸಿದ್ರ ಅರ್ಧ ಗಂಡ ಸಿಗ್ತಾನ ಅತ್ತಿ," ಎಂದು ನೇತ್ರಾ ಸೆರಗನ್ನು ಇದ್ದಲ್ಲೇ ಬಿಟ್ಟು ನಡೆದಳು.

ಪಡಸಾಲೆಗೆ ಬಂದು ತಟ್ಟೆಯನ್ನು ಒಬ್ಬೊಬ್ಬರ ಮುಂದೆ ಹಿಡಿದಳು.

ಹುಡುಗನ ತಾಯಿ ಫಕ್ಕೀರವ್ವ ಒಮ್ಮೆ ಮುಖ ನೋಡಿ ಕಣ್ಣು ಕೆಳಗೆ ಹಾಕಿದಳು. ನೇತ್ರಾಳ ತಂದೆ ದ್ಯಾಮಪ್ಪ ತಮ್ಮ ಕಿರಾಣಿ ಅಂಗಡಿಯ ಮಾತು ತೆಗೆದರು. ಯಾರೂ ಕೇಳಿರಲಿಲ್ಲ.

ಹುಡುಗ ವೀರು ಮಾತ್ರ ಕಣ್ಣು ತಪ್ಪಿಸಲಿಲ್ಲ. ಕಪ್ಪು ತೆಗೆದುಕೊಳ್ಳುತ್ತ, ಅವಳಿಗಷ್ಟೇ ಕೇಳುವಂತೆ ಅಂದ:

"ಉರಿಯಾಕ ಹತ್ತೈತೇನ್ರಿ?"

ಇದುವರೆಗೆ ನೇತ್ರಾಳನ್ನು ನೋಡಲು ಬಂದವರೆಲ್ಲ ಅಡುಗೆ ಕೇಳಿದ್ದರು, ಪಗಾರ ಕೇಳಿದ್ದರು, ಮದುವೆಯಾದ ಮೇಲೆ ಕಾಲೇಜಿನ ಕೆಲಸ ಬಿಡುತ್ತೀಯೇನು ಎಂದು ಕೇಳಿದ್ದರು. ನೋವಿದೆಯೇ ಎಂದು ಒಬ್ಬರೂ ಕೇಳಿರಲಿಲ್ಲ.

"ಸ್ವಲ್ಪ," ಎಂದಳು.

ಆ ಒಂದು ಮಾತಿಗೇ ಅವಳ ಎದೆಯೊಳಗೆ ಏನೋ ಸಡಿಲವಾಯಿತು. ಇವನು ಹೂಂ ಅಂದರೆ... ನಾನೂ ಹೂಂ.

ಸುಮ್ಮನಿರಲು ಬಾರದ ರೇಣುಕವ್ವ ನಡುವೆ ಬಾಯಿ ಹಾಕಿದಳು. "ಸಂಬಂಧದ ಮಾತು ಬಂದ ಮ್ಯಾಲ ದೀಪಾವಳಿಗೆ ನೀವು ಬಸ್ಸಿನ್ಯಾಗ ಕಳಿಸಿದ್ರೆಲ್ಲ, ಆ ಚೆಂಡುಹೂವ ನೋಡ್ರಿ ಇದು. ತೋರಣ ಕಟ್ಟಿ ಮಿಕ್ಕಿದ್ದನ್ನ ನಮ್ಮ ಹುಡಿಗಿ ನೆರಳಾಗ ಒಣಗಿಸಿ, ಪುಡಿ ಮಾಡಿ, ಮಸರು ಕಡಲಿಹಿಟ್ಟು ಕಲಿಸಿ ಹಚಗೊಂಡಳು. ನಿಮ್ಮ ಹೂವು ಮುಖದ ಮ್ಯಾಲ ಅರಳೇತಿ ಅಂತ ತಿಳಕೋರಿ."

ವೀರುವಿನ ಕಪ್ಪು ತುಟಿಯ ಹತ್ತಿರ ನಿಂತುಬಿಟ್ಟಿತು. ತಾಯಿಯ ಕಡೆ ತಿರುಗಿದ.

"ಅವ್ವಾ, ಯಾವ ಹೂವು ಹರದಿದ್ದಿ?"

"ಹೊಲದ ಅಂಚಿನ್ವು. ಅವ ದೊಡ್ಡೂ ಇದ್ದೂ."

ಅವನ ಮುಖದ ಬಣ್ಣ ಇಳಿಯಿತು. ಚಹಾ ಕುಡಿಯದೆ ಕಪ್ಪು ಕೆಳಗಿಟ್ಟ.

"ಉಳಿದ ಹೂವು ಚೆಲ್ಲಿಬಿಡ್ರಿ," ಎಂದ. "ಬಾಗಲದ ತೋರಣಾನೂ ಬಿಚ್ಚಿಬಿಡ್ರಿ."

ಹುಡುಗನ ಮನೆಯಿಂದ ಬಂದ ಹೂವು... ಬಾಗಿಲ ತೋರಣ... ಬಿಚ್ಚಿಬಿಡಿ ಎಂದರೆ ಸಂಬಂಧ ಬೇಡ ಎಂದಲ್ಲದೆ ಇನ್ನೇನು ಅರ್ಥ?

"ಖಬರ ಕಳಸ್ತೀವ್ರಿ," ಎಂದು ಫಕ್ಕೀರವ್ವ ಗಡಿಬಿಡಿಯಲ್ಲಿ ಎದ್ದಳು. ಆಗಲೇ ಹೊಸ್ತಿಲು ದಾಟಿದ್ದ ವೀರು ತಿರುಗಿ ನೋಡಲಿಲ್ಲ.

*

ಖಬರ ಬರಲಿಲ್ಲ.

ಕೆನ್ನೆಯ ಉರಿ ಇಳಿಯಿತು. ಕೆಂಪು ಇದ್ದಲ್ಲಿ ಕಂದು ಕಲೆ ಕುಳಿತಿತು. ಅದು ನಿಧಾನಕ್ಕೆ ಹೋಗುವ ಕಲೆ ಎಂದು ರಸಾಯನಶಾಸ್ತ್ರ ಕಲಿಸುವ ನೇತ್ರಾಳಿಗೆ ಗೊತ್ತಿತ್ತು. ಕನ್ನಡಿಯ ಮುಂದೆ ನಿಂತಾಗ ಮಾತ್ರ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತಿರಲಿಲ್ಲ.

"ಹೋಗಲಿ ಬಿಡವಾ," ಎಂದರು ದ್ಯಾಮಪ್ಪ. "ಮುಖ ನೋಡಿ ಓಡಿಹೋಗೋ ಹುಡುಗ ನಮಗ್ಯಾಕ?"

ಅವಳೂ ಹಾಗೆಯೇ ಅಂದುಕೊಳ್ಳಲು ನೋಡಿದಳು. ಆಗಲಿಲ್ಲ. 'ಉರಿಯಾಕ ಹತ್ತೈತೇನ್ರಿ' ಎಂದದ್ದೂ ಅದೇ ಬಾಯಿ, 'ಚೆಲ್ಲಿಬಿಡ್ರಿ' ಎಂದದ್ದೂ ಅದೇ ಬಾಯಿ. ಎರಡರ ನಡುವೆ ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ. ಪ್ರಯೋಗಾಲಯದಲ್ಲಿ ಒಂದೇ ದ್ರಾವಣ ಎರಡು ಬಗೆಯ ಉತ್ತರ ಕೊಟ್ಟರೆ ಅವಳು ಸುಮ್ಮನೆ ಕೂರುವವಳಲ್ಲ.

ಬೇಡವೆಂದರೆ ಬೇಡ ಅನ್ನಲಿ. ಆದರೆ ಯಾಕೆ ಬೇಡ ಅನ್ನುವುದನ್ನು ನನ್ನೆದುರಿಗೇ ಹೇಳಲಿ!

ಮುಂದಿನ ಭಾನುವಾರ, ಚೆಲ್ಲದೆ ಉಳಿಸಿದ್ದ ಒಣಹೂವಿನ ಚೀಲ ಹಿಡಿದು ಅವಳು ಹರ್ತಿಯ ಬಸ್ಸು ಹತ್ತಿದಳು. ದೇವರಿಗೆ ಕಾಯಿ ಒಡೆಸುವ ನೆಪ ಹೇಳಿ ರೇಣುಕವ್ವನೂ ಜೊತೆಗೆ ಹೊರಟಳು.

"ಬೈಯೋದಿದ್ರ ನನಗ ಬಿಡು. ನಿನಗ ಬೈಯಾಕ ಬರಂಗಿಲ್ಲ," ಎಂದಳು ದಾರಿಯಲ್ಲಿ.

"ಬೈಯಾಕ ಹೊಂಟಿಲ್ಲ ಅತ್ತಿ. ಕೇಳಾಕ ಹೊಂಟೀನಿ."

*

ಕಪ್ಪು ಮಣ್ಣಿನ ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗುತ್ತಿತ್ತು. ಅದರ ಸುತ್ತ, ಗೆರೆ ಎಳೆದಂತೆ, ಚೆಂಡುಹೂವಿನ ಸಾಲು. ವೀರು ಆ ಸಾಲಿನ ಹೂವುಗಳನ್ನೇ ಕೊಯ್ದು ಗುಂಡಿಗೆ ಹಾಕುತ್ತಿದ್ದ.

ಅವಳನ್ನು ಕಂಡವನೇ ಕುಡುಗೋಲು ಕೆಳಗಿಟ್ಟ.

"ಬಿಸಲಾಗ ನಿಂದರಬ್ಯಾಡ್ರಿ. ಬೇವಿನ ಗಿಡದ ಕೆಳಗ ಬರ್ರಿ... ಮುಖಕ್ಕ ಬಿಸಲು ಆಗಬಾರದು."

ಮತ್ತೆ ಅದೇ ಮಾತಿನ ಬಗೆ... ನೇತ್ರಾ ನೆರಳಿಗೆ ಬಂದು ಚೀಲ ಮುಂದಿಟ್ಟಳು.

"ನಿಮ್ಮ ಹೂವು. ಚೆಲ್ಲಾಕ ಮನಸ್ಸಾಗಲಿಲ್ಲ. ನನ್ನ ಮುಖ ಬ್ಯಾಡಾಗಿದ್ರ ಹಂಗ ಹೇಳಬೇಕಿತ್ತು. ತೋರಣ ಏನ್ ಮಾಡಿತ್ತ್ರಿ ನಿಮಗ?"

ವೀರು ಬೆಚ್ಚಿದವನಂತೆ ಅವಳನ್ನು ನೋಡಿದ.

"ಮುಖ ಬ್ಯಾಡಂತ ಅಂದೆನೇನ್ರಿ ನಾ?" ಎಂದವನು ಹೂವಿನ ಸಾಲು ತೋರಿಸಿದ. "ಈ ಸಾಲು ಮಾರಾಕಲ್ಲ, ಪೂಜಿಗೂ ಅಲ್ಲ. ಕಾಯಿ ಕೊರಿಯೋ ಹುಳಾನ ಈ ಹೂವು ತಮ್ಮ ಕಡೆ ಕರಕೋತಾವು. ಅದರ ಪತಂಗ ಬಂದು ಇವುಗಳ ಮ್ಯಾಲ ತತ್ತಿ ಇಡತಾವು, ಬೆಳಿ ಉಳಿತೈತಿ. ಬೇರಿನ ಗಂಟುಹುಳಾನೂ ಕಡಿಮಿ ಆಗ್ತಾವು. ಹುಳ ಹೆಚ್ಚಾದಾಗ ಇದೊಂದ ಸಾಲಿಗೆ ಔಷಧ ಹೊಡಿತೀನಿ. ದೀಪಾವಳಿ ಮುಂದ ಹೊಡದಿದ್ದೆ. ಅವ್ವಗ ಹೇಳಿರಲಿಲ್ಲ."

ನೇತ್ರಾಳಿಗೆ ಅವನು ಕೆಳಗಿಟ್ಟ ಕಪ್ಪು ನೆನಪಾಯಿತು. ಇಳಿದ ಮುಖದ ಬಣ್ಣ ನೆನಪಾಯಿತು.

"ಅವ್ವ ಹರದ ಹೂವು, ನಾ ಹೊಡದ ಔಷಧ. ಎಲ್ಲಾರ ಮುಂದ ಹೇಳಿದ್ರ ಅವ್ವನ ಮರ್ಯಾದಿ ಏನಾಗ್ತಿತ್ತು? ಮಿಕ್ಕಿದ್ದು ನಿಮ್ಮ ಮನ್ಯಾಗ ಉಳಿಬಾರದು ಅನ್ನೋದೊಂದ ತಲ್ಯಾಗಿತ್ತು." ಅವನ ದನಿ ತಗ್ಗಿತು. "ಆಮ್ಯಾಲ ಖಬರ ಕಳಸಾಕ ಧೈರ್ಯ ಆಗಲಿಲ್ಲ. ನಿಮ್ಮ ಮುಖ ಸುಟ್ಟವ ಯಾವ ಬಾಯಿಲೆ ಹೆಣ್ಣ ಕೇಳಬೇಕ್ರಿ?"

ನೇತ್ರಾ ಏನೋ ಹೇಳಲು ಹೋದಳು. ಅವನು ಅಂಗಿಯ ತೋಳು ಮಡಚಿ ಮುಂಗೈ ಚಾಚಿದ. ಒಳಮೈಯ ಮೇಲೆ ಪೆನ್ನಿನಿಂದ ಬರೆದ ಒಂದು ಸುತ್ತು.

"ಮನ್ಯಾಗ ಅದ ಹೂವು ಒಂದಿಷ್ಟು ಒಣಗಿದ್ದೂ. ನಿಮ್ಮ ಅತ್ತಿಯವರು ಹೇಳಿದಂಗ ಕಲಿಸಿ ಈ ಸುತ್ತಿನೊಳಗ ಹಚ್ಚಿದೆ. ಮೂರು ದಿನ ಆತು. ನಿಮಗಾದ ಉರಿ ನನಗೂ ಆಗಲಿ ಅಂತ... ಆದ್ರ ಏನೂ ಆಗವಲ್ದು."

"ಹುಚ್ಚದೇನ್ರಿ ನಿಮಗ," ಎಂದಳು ನೇತ್ರಾ.

ಅವಳು ತನ್ನ ತೋಳನ್ನೂ ಸರಿಸಿದಳು. ಹೊಸದಾಗಿ ಏನು ಕಲಸಿದರೂ ಮೊದಲು ಮುಂಗೈಗೆ ಹಚ್ಚಿ ಒಂದು ದಿನ ಕಾಯುವುದು ಅವಳ ರೂಢಿ. ಅಂದೂ ಕಾದಿದ್ದಳು. ಅಲ್ಲಿಯೂ ಕಲೆ ಇರಲಿಲ್ಲ. ಅವಮಾನದ ಗದ್ದಲದಲ್ಲಿ ಆ ಸಾಕ್ಷಿಯೇ ಮರೆತುಹೋಗಿತ್ತು!

ಎರಡು ಮುಂಗೈ, ಒಂದೇ ಹೂವು, ಎರಡೂ ಸ್ವಚ್ಛ. ಹಾಗಾದರೆ ಕೆನ್ನೆ?

ನೇತ್ರಾ ನಿಧಾನಕ್ಕೆ ಅತ್ತೆಯ ಕಡೆ ತಿರುಗಿದಳು. ರೇಣುಕವ್ವ ಬಹಳ ಶ್ರದ್ಧೆಯಿಂದ ಮೆಣಸಿನಕಾಯಿ ನೋಡುತ್ತಿದ್ದಳು.

"ಅತ್ತಿ, ಇವರು ಬರೋ ಮದಲಿನ ಶುಕ್ರವಾರ ನಾ ಫೋನಿಗೆ ಹೋದಾಗ, ಕಲಿಸಿಟ್ಟ ಬಟ್ಟಲದಾಗ ಏನರ ಹಾಕಿದ್ದಿ?"

"ನಾ ಏನ್ ಹಾಕ್ಲಿ? ಒಂದ ಲಿಂಬಿಹಣ್ಣು. ಅದೂ ಪೂರ್ತಿ ಅಲ್ಲ, ಅರ್ಧ. ಬಣ್ಣ ತಿಳಿ ಆಗಲಿ ಅಂತ."

"ಆಮ್ಯಾಲ ಮಾಳಿಗಿ ಮ್ಯಾಲ ಅರಿವಿ ಒಣಹಾಕಾಕ ಕಳಿಸಿದಿ."

"ಬಿಸಲಿಗೆ ಒಣಗಿದ್ರ ಛಲೋ ಹಿಡಿತೈತಿ ಅಂತ..."

"ಲಿಂಬಿ ರಸ ಹಚಗೊಂಡು ಬಿಸಲಿಗೆ ನಿಂತ್ರ, ಬಿಸಲು ಬಡದ ಮಗ್ಗಲಿನ ಚರ್ಮ ಸುಡತೈತಿ ಅತ್ತಿ. ಮರುದಿನ ಏಳತೈತಿ ಉರಿ."

ಅಂದು ಚೆಂಡುಹೂವಿನ ಘಾಟಿನಲ್ಲಿ ಲಿಂಬೆಯ ವಾಸನೆ ಮುಚ್ಚಿಹೋಗಿತ್ತು. ರೇಣುಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂದಿತು.

"ನಿನ್ನ ಒಳ್ಳೇದಕ್ಕ ಮಾಡಿದ್ನೆವಾ..."

ನೇತ್ರಾ ಅವಳ ಕೈ ಹಿಡಿದುಕೊಂಡಳು. "ಗೊತ್ತೈತಿ ಬಿಡು."

ವೀರುವಿನ ಮುಖದಲ್ಲಿ ಒಂದು ವಾರದಿಂದ ಕುಳಿತಿದ್ದ ಭಾರ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ರೇಣುಕವ್ವ ಮೂಗು ಒರೆಸಿಕೊಂಡು, "ದೇವರಿಗೆ ಕಾಯಿ ಒಡಿಸಿ ಬರ್ತೀನಿ, ನನಗ ಅದು ಬಾಳ ಅಗತ್ಯ ಐತಿ," ಎಂದು ಗುಡಿಯ ದಾರಿ ಹಿಡಿದಳು.

ಬೇವಿನ ನೆರಳಲ್ಲಿ ಇಬ್ಬರೇ ಉಳಿದರು.

"ಆದ್ರೂ ಔಷಧದ ಹೂವು ಮುಖಕ್ಕ ಬ್ಯಾಡ್ರಿ. ಚೆಲ್ಲು ಅಂದದ್ದು ಖರೆ ಇತ್ತು," ಎಂದಳು ನೇತ್ರಾ. ಚೀಲದ ಹೂವನ್ನು ತಾನೇ ಗುಂಡಿಗೆ ಸುರಿದಳು. "ಬಾಗಲಕ್ಕ ಇದನ್ನ ಯಾಕ ಕಟ್ತಾರ ಅಂತ ಯಾವತ್ತೂ ವಿಚಾರ ಮಾಡಿರಲಿಲ್ಲ. ಶುಭ ಅಂತಿದ್ರು, ಕಟ್ತಿದ್ವಿ. ಇಲ್ಲಿ ನೋಡಿದ್ರ, ಅಂಚಿನ್ಯಾಗ ನಿಂತು ಒಳಗಿನವರನ್ನ ಕಾಯತೈತಿ."

"ಅವತ್ತು ನೀವು ತಟ್ಟಿ ಹಿಡದು ಬಂದ್ರಿ," ಎಂದ ವೀರು, ಮಣ್ಣು ನೋಡುತ್ತ. "ಮುಖ ಮುಚ್ಚಿಕೊಳ್ಳದ ಬಂದ್ರಿ. ಆಗ ಹೂಂ ಅನ್ನಬೇಕಂತ ಮಾಡಿದ್ದೆ. ಬಾಯಿ ತಗಿಯೋದ್ರಾಗ ಹೂವಿನ ಮಾತು ಬಂತು."

"ಈಗ ತಗಿರಿ."

"ಏನು?"

"ಬಾಯಿ."

ಅವನು ನಕ್ಕ. ನಗುವಾಗ ಕಿವಿಗಳೂ ಕೆಂಪಾದವು.

"ನನ್ನ ಮದಿವಿ ಆಗ್ತೀರೇನ್ರಿ?"

"ಮದಲ ಮನಿಗೆ ಬಂದು ಅವತ್ತಿನ ಚಾ ಕುಡೀರಿ. ಆಮ್ಯಾಲ ನಮ್ಮಪ್ಪಗ ಹೇಳ್ತೀನಿ, ನಾ ಹೂಂ ಅಂದೀನಿ ಅಂತ."

*

ಫೆಬ್ರವರಿಯಲ್ಲಿ ಮದುವೆಯಾಯಿತು. ಮಂಟಪದ ತೋರಣಕ್ಕೆ ಹರ್ತಿಯ ಹಿತ್ತಲಿನ ಹೂವು ಬಂದವು, ಔಷಧ ಕಾಣದವು. ಫಕ್ಕೀರವ್ವ ಮಗನನ್ನು ಕೇಳಿಯೇ ಹರಿದಿದ್ದಳು. ಕೆನ್ನೆಯ ಕಲೆಗೆ ಪೌಡರ್ ಮೆತ್ತಲು ಬಂದ ಗೆಳತಿಯರನ್ನು ನೇತ್ರಾ ಬೇಡವೆಂದು ಕಳಿಸಿದ್ದಳು. ರೇಣುಕವ್ವ ಅಂದು ಲಿಂಬೆಹಣ್ಣಿನ ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ.

ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿರುವಾಗ ವೀರು ಬಾಗಿ, ಅವಳಿಗಷ್ಟೇ ಕೇಳುವಂತೆ ಅಂದ:

"ಉರಿಯಾಕ ಹತ್ತೈತೇನು?"

"ಇಲ್ಲ," ಎಂದಳು ನೇತ್ರಾ. "ಕಲಿ ಮಾತ್ರ ಉಳದೈತಿ."

"ಎಷ್ಟು?"

ಅಂದು ಬೆಳಿಗ್ಗೆಯೇ ಅವಳು ಕನ್ನಡಿಯ ಮುಂದೆ ಕಾಲೇಜಿನ ಸ್ಕೇಲು ಹಿಡಿದು ನೋಡಿದ್ದಳು.

"ನಾಲ್ಕು ಮಿಲಿಮೀಟರ್."