ಬರೀ ಕಾಮೆಂಟ್ ತಿದ್ದುಪಡಿ

2025ರ ಜನವರಿ 20, ಸೋಮವಾರ. ಬೆಳಗಿನ ಹನ್ನೊಂದೂವರೆಗೆ ಓಂಪ್ರಕಾಶ ಬೀದರಿನ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಬಿಳಿ ಅಂಗಿಯ ತುಂಬ ತೊಗರಿಯ ಧೂಳಿತ್ತು. ಭಾಲ್ಕಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿ ಇಟ್ಟುಕೊಂಡ ಮನುಷ್ಯ. ಬೀದರಿನ ಧಾನ್ಯ ಮಾರುಕಟ್ಟೆಯಾದ ಗಾಂಧಿ ಗಂಜಿನ ಎಲೆಕ್ಟ್ರಾನಿಕ್ ಕಾಟಾಗಳೆಲ್ಲ ಅವನ ಪ್ರೋಗ್ರಾಮಿನ ಮೇಲೆಯೇ ನಡೆಯುತ್ತಿದ್ದವು. ಚೀಲ ಕಾಟಾದ ಮೇಲೆ ಕೂತರೆ ತೂಕ ಪರದೆಗೆ ಬರಬೇಕು, ಕೆಳಗಿಂದ ಚೀಟಿ ಹೊರಬರಬೇಕು. ಆ ದಿನ ಬೆಳಗ್ಗೆ ಎಂಟಕ್ಕೆ, ತೊಗರಿ ಸುಗ್ಗಿಯ ನಡುಮಧ್ಯೆ, ಎಲ್ಲ ಪರದೆಗಳೂ ಒಮ್ಮೆಗೇ ಕಪ್ಪಾಗಿದ್ದವು.

"ಮೇಡಂ, ಹಬೀಬನ್ನ ಹಿಡ್ದು ಒಳಗ ಹಾಕ್ರಿ," ಎಂದ, ಕುರ್ಚಿಯಲ್ಲಿ ಕೂಡುವುದಕ್ಕೂ ಮೊದಲೇ.

ಇನ್‌ಸ್ಪೆಕ್ಟರ್ ಶಿವಕಾಂತಾ ಪೆನ್ನು ತೆರೆದಳು. "ಹಬೀಬ ಅಂದ್ರ ಯಾರು?"

"ನಮ್ಮಲ್ಲಿ ಕಾಟಾ ರಿಪೇರಿ ನೋಡ್ಕೊಳ್ಳಾಂವರಿ. ನಿನ್ನಿ ಐತಾರ ಎಲ್ಲಾ ಕಾಟಾಕ್ಕ ಹೊಸ ಪ್ರೋಗ್ರಾಮ್ ಹಾಕಿ ಹೋಗ್ಯಾನ. ಇವತ್ತ ಎಲ್ಲಾ ಸತ್ತಾವ. ಅವಂಗ ಸರ್ಕಾರಿ ನೌಕರಿ ಸಿಕ್ಕದ. ಬಿಟ್ಟು ಹೋಗೂಮುಂದ ನನ್ನ ಮಾರಿಗಿ ಮಸಿ ಬಡದ್ಯಾನ."

"ಅವನೇ ಮಾಡಿದ್ದು ನೋಡಿದವ್ರು ಇದ್ದಾರೇನು?"

"ನೋಡ್ಲಿಕ್ಕೇನದರಿ? ಬೆಕ್ಕು ಹಾಲಿನ ಹಂತೇಲಿ ಕುಂತಿತ್ತು, ಈಗ ಹಾಲಿಲ್ಲ!"

ಹಾಲಿಗಿಂತ ದೊಡ್ಡದೂ ಒಂದು ಹೋಗಿತ್ತು. ಕಾಟಾ ನಿಂತದ್ದೇ ತಡ, ಅಡತಿಯ ದಲಾಲರು ಗೋದಾಮಿನ ಮೂಲೆಯಿಂದ ಹಳೆಯ ಕಬ್ಬಿಣದ ತಕ್ಕಡಿ ಎಳೆದು ತಂದು ಗಡಿಬಿಡಿಯಲ್ಲಿ ತೂಗುಹಾಕಿದ್ದರು. ಕೊಂಡಿ ಜಾರಿ, ತಕ್ಕಡಿಯ ದಂಡ ವೈಜಿನಾಥ ಎಂಬ ಹಮಾಲನ ಬಲಗೈ ಮೇಲೆ ಬಿದ್ದಿತ್ತು. ಎರಡು ಬೆರಳು ಉಳಿಯಲಿಲ್ಲವೆಂದು ಆಸ್ಪತ್ರೆಯಿಂದ ಆಗಲೇ ಫೋನು ಬಂದಿತ್ತು.

ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ರ ಅಡಿ ಎಫ್‌ಐಆರ್ ಆಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಶಿವಕಾಂತಾ "ಅಪರಿಚಿತ" ಎಂದು ಬರೆಸಿದಳು.

"ಹಬೀಬ ಅಂತ ಬರೀರಿ ಮೇಡಂ!"

"ಸಂಶಯ ನಿಮ್ಮ ಹೇಳಿಕಿ ಒಳಗ ಇರ್ಲಿ. ಇಲ್ಲಿ ನಾ ಸುಮ್ನ ಹೆಸರು ಬರಿಯಂಗಿಲ್ಲ."

"ಎರಡು ದಿನ ನೋಡ್ತೀವಿ. ಆಮ್ಯಾಲ ಗಂಜಿನವ್ರೆಲ್ಲ ಎಸ್ಪಿ ಸಾಹೇಬ್ರ ಹಂತೇಲಿ ಹೋಗ್ತಾರ, ಹೇಳಿರ್ತೀನಿ," ಎಂದು ಅವನು ಧೂಳು ಕೊಡವಿಕೊಂಡು ಎದ್ದ.

ಶಿವಕಾಂತಾಗೆ ಒಂದು ಮಾತು ಗೊತ್ತಿತ್ತು. ನೌಕರಿಗೆ ಆಯ್ಕೆಯಾದವರ ಪೊಲೀಸ್ ಪರಿಶೀಲನೆಯ ಕಾಗದಗಳು ಆ ವಾರವೇ ಠಾಣೆಗಳನ್ನು ಸುತ್ತುತ್ತಿದ್ದವು, ಹಬೀಬನದೂ ಅದರಲ್ಲಿತ್ತು. ಎಫ್‌ಐಆರಿನಲ್ಲಿ ಒಮ್ಮೆ ಹೆಸರು ಬಿದ್ದರೆ, ಆಮೇಲೆ ತಪ್ಪಿಲ್ಲವೆಂದು ತೀರ್ಮಾನವಾದರೂ ನೌಕರಿ ಅವನಿಗಾಗಿ ಕಾಯುವುದಿಲ್ಲ.

ಮಧ್ಯಾಹ್ನ ಒಂದಕ್ಕೆ ಗಂಜಿನಲ್ಲಿ ಪಂಚನಾಮೆ. ತೊಗರಿ ರಾಶಿಗಳ ನಡುವೆ ಹಮಾಲರು ಕೈಗಾಡಿಗಳ ಮೇಲೆ ಕೂತಿದ್ದರು. ದಿನಾ ಒದರಾಡುವ ಜನ, ಅಂದು ಮೆಲ್ಲಗೆ ಮಾತಾಡುತ್ತಿದ್ದರು. ಕಾನ್‌ಸ್ಟೆಬಲ್ ಅಬ್ದುಲ ವಾಹೀದ ಠಾಣೆಯಲ್ಲಿ ಕಂಪ್ಯೂಟರ್ ಬಲ್ಲವನು. ಅವನು ಪಂಚರ ಸಮಕ್ಷಮ ಕಾಟಾಗಳ ಯಂತ್ರಪೆಟ್ಟಿಗೆ ಜಪ್ತಿ ಮಾಡಿ ಮೊಹರು ಹಾಕಿದ. ಅಲ್ಲಿಯೇ ಕಂಬಕ್ಕೊರಗಿ ಹಬೀಬ ನಿಂತಿದ್ದ.

"ನೀ ಓಡಿ ಹೋಗಿರ್ತಿ ಅಂತ ತಿಳ್ದಿದ್ದೆ," ಎಂದಳು ಶಿವಕಾಂತಾ.

"ಎಲ್ಲಿಗಿ ಓಡ್ಲಿ ಮೇಡಂ? ಅಮ್ಮಿ ಗಲ್ಲಿ ತುಂಬ ಮಿಠಾಯಿ ಹಂಚ್ಯಾಳ, ಮಗಗ ಸರ್ಕಾರಿ ನೌಕರಿ ಅಂತ. ಓಡಿದ್ರ ಆಕಿ ಮಾರಿ ಹ್ಯಾಂಗ ನೋಡ್ಲಿ?"

"ಐತಾರ ಏನ್ ಹಾಕಿದಿ?"

"ಭಾಲ್ಕಿಯಿಂದ ಬಂದದ್ದು ಹಾಕೀನಿ. ನಾ ಟಪಾಲಿನವ್ನಂಗರಿ. ಪಾಕೀಟು ಮುಟ್ಟಸ್ತೀನಿ, ಒಳಗೇನದ ಖುದಾಗೇ ಗೊತ್ತು." ಅವನ ದನಿ ಇಳಿಯಿತು. "ಮೇಡಂ, ನಂದು ವೆರಿಫಿಕೇಶನ್..."

"ನಂಗೊತ್ತದ. ಊರು ಬಿಟ್ಟು ಹೋಗಬ್ಯಾಡ."

ಮರುದಿನ ಬೆಳಗ್ಗೆ ಹತ್ತೂಕಾಲಿಗೆ ಶಿವಕಾಂತಾ ಮತ್ತು ವಾಹೀದ ಭಾಲ್ಕಿಯ ಕಚೇರಿಯಲ್ಲಿದ್ದರು. ಗೋಡೆಯ ಮೇಲೊಂದು ದೊಡ್ಡ ಫೋಟೋ. ಶಾಲು ಹೊದ್ದು, ಹಾರ ಹಾಕಿಕೊಂಡು ನಗುತ್ತಿರುವ ತರುಣ. ಕಾಟಾ ಪ್ರೋಗ್ರಾಮಿಗೆ ಬಂದ ಪ್ರಶಸ್ತಿ. ಫೋಟೋದವನೇ ಎದುರಿಗೆ ಕೂತಿದ್ದ. ಸಂಜುಕುಮಾರ, ಓಂಪ್ರಕಾಶನ ಅಕ್ಕನ ಮಗ, ಕಚೇರಿಯ ಹಿರಿಯ ಎಂಜಿನಿಯರ್.

"ನಮ್ಮ ಕಡಿಂದ ಏನೂ ಆಗಿಲ್ಲರಿ," ಎಂದ. "ಈ ತಿಂಗಳದಾಗ ಪ್ರೋಗ್ರಾಮ್ ಯಾರೂ ಮುಟ್ಟಿಲ್ಲ. ಬರೀ ಕಾಮೆಂಟ್ ತಿದ್ದುಪಡಿ."

ಶಿವಕಾಂತಾ ವಾಹೀದನ ಕಡೆ ನೋಡಿದಳು.

"ಪ್ರೋಗ್ರಾಮ್ ಒಳಗ ಮಷೀನಿಗಿ ಹೇಳೋ ಸಾಲು ಬ್ಯಾರೆ ಮೇಡಂ," ಎಂದ ವಾಹೀದ. "ಈ ಸಾಲು ಯಾಕದ, ಏನ್ ಮಾಡ್ತದ ಅಂತ ಮುಂದಿನವ್ರು ಓದ್ಲಿಕ್ಕ ಬರ್ದಿಟ್ಟ ಟಿಪ್ಪಣಿ ಬ್ಯಾರೆ. ಅದಕ್ಕೇ ಕಾಮೆಂಟ್ ಅಂತಾರ. ಮಷೀನ್ ಅದನ್ನ ಮೂಸಿನೂ ನೋಡಂಗಿಲ್ಲ."

"ಮತ್ತ ಅದನ್ನ ಯಾಕ ತಿದ್ತೀರಿ?"

"ಹೈದ್ರಾಬಾದಿನ ಪಾರ್ಟಿ ಪ್ರೋಗ್ರಾಮ್ ತಗೊಳ್ತೀನಿ ಅಂದಾನ್ರಿ. ನಮ್ಮ ಹುಡುಗ್ರ ಇಂಗ್ಲಿಷ್ ನೋಡಿ ನಗ್ಬಾರ್ದಲ್ಲ? ಅದಕ್ಕ ಸ್ಪೆಲಿಂಗು, ವ್ಯಾಕರಣ ಸುಧಾರಸ್ಲಿಕ್ಕ ಒಬ್ಬಾಕಿನ್ನ ಹಚ್ಚೀವಿ. ಸಿದ್ದೇಶ್ವರಿ ಅಂತ, ಔರಾದ ಕಡಿ ಹುಡುಗಿ. ಎರಡು ವರ್ಷ ಆತು, ಅದೇ ಮಾಡ್ತಾಳ." ಅವನು ಹಲ್ಲು ಕಿರಿದ. "ನಾವು ಸ್ಪೆಲಿಂಗ್ ಬಾಯಿ ಅಂತೀವಿ."

"ಆಕಿ ತಿದ್ದಿದ್ದು ನೋಡೋರು ಯಾರು?"

"ನಾನೇರಿ. ಮೊಬೈಲ್‌ನಾಗ ಬರ್ತದ, ಓಕೆ ಒತ್ತತೀನಿ."

"ಓದಿ?"

"ಕಾಮೆಂಟ್ ಏನ್ ಓದೂದ್ರಿ ಮೇಡಂ? ಚಹಾ ಕುಡ್ಕೋತ ಒತ್ತತೀನಿ."

"ಈಗ ಓದೂಣು. ತೆರಿ ವಾಹೀದ, ಒಂದೊಂದೇ."

"ಸುಮ್ನ ಟೈಮ್ ಬೇಕಾರ್ ಆಗ್ತದರಿ..."

ವಾಹೀದ ತೆರೆದ. ಎಲ್ಲಕ್ಕೂ ಒಂದೇ ತಲೆಬರಹ: ಕಾಮೆಂಟ್ ತಿದ್ದುಪಡಿ. ತೆಗೆದದ್ದು ಕೆಂಪು, ಹಾಕಿದ್ದು ಹಸಿರು. ಯಾರೋ ಅವಸರದಲ್ಲಿ ಗೀಚಿದ ಒಡಕು ಇಂಗ್ಲಿಷನ್ನು ಒಬ್ಬಳು ಕೂತು, ಅಕ್ಕಿಯ ಕಲ್ಲು ಆರಿಸಿದ ಹಾಗೆ ಆರಿಸಿದ್ದಳು. ಹಿಂದಕ್ಕೆ ಹಿಂದಕ್ಕೆ ಹೋಗುತ್ತ ಶಿವಕಾಂತಾ ಒಂದು ಕಡೆ ಬೆರಳಿಟ್ಟಳು. ಕಾಟಾ ಪ್ರೋಗ್ರಾಮಿನ ಮೊದಲ ಸಾಲು. ಕೆಂಪಿನಲ್ಲಿ, "ಬರೆದವರು: ಸಿದ್ದೇಶ್ವರಿ". ಹಸಿರಿನಲ್ಲಿ, "ಬರೆದವರು: ಸಂಜುಕುಮಾರ".

"ಇದೂ ಸ್ಪೆಲಿಂಗ್ ತಪ್ಪೇನ್ರಿ?"

ಸಂಜುಕುಮಾರ ಗೋಡೆಯ ಫೋಟೋದ ಕಡೆ ಬಿಟ್ಟು ಉಳಿದೆಲ್ಲ ಕಡೆ ನೋಡಿದ. "ಅದು... ನಾನೇ ತಿದ್ದು ಅಂದಿದ್ದೆ. ಆಕಿ ಹೊಸಾಕಿ ಇದ್ದಾಗ ಏನೋ ಬರದಿದ್ದಳು. ಕಂಪನಿ ಅಂದಮ್ಯಾಲ ಹಿರಿಯರ ಹೆಸರು ಇರ್ತದರಿ."

"ಮುಂದ ನಡಿ, ವಾಹೀದ."

ಜನವರಿ ಆರರದನ್ನು ತೆರೆದಾಗ ವಾಹೀದನ ಕೈ ನಿಂತಿತು. ಹಸಿರು ಅಕ್ಷರ, ಶುದ್ಧ ಕನ್ನಡ. ಅವನು ಗಟ್ಟಿಯಾಗಿ ಓದಿದ:

"ಈ ಕೆಳಗಿನ ಸಾಲು ಜನವರಿ 20, ಸೋಮವಾರ ಬೆಳಗ್ಗೆ ಎಂಟಕ್ಕೆ ಎಲ್ಲ ಕಾಟಾಗಳನ್ನು ನಿಲ್ಲಿಸುತ್ತದೆ. ಓದಿದವರು ದಯವಿಟ್ಟು ಇದನ್ನು ಅಳಿಸಿರಿ. ಅಳಿಸಿದರೆ ಗಂಜಿಗೆ ಏನೂ ಆಗುವುದಿಲ್ಲ. ಈ ಸಾಲು ಬರೆದವಳು ಚಿಂತಾಕಿಯ ಸಿದ್ದೇಶ್ವರಿ. ಈ ಪ್ರೋಗ್ರಾಮು ಬರೆದವಳೂ ಅವಳೇ."

ಕೆಳಗೆ ಆ ಒಂದು ಸಾಲು, ಟಿಪ್ಪಣಿಯಲ್ಲ, ಮಷೀನಿಗೇ ಹೇಳುವಂಥದ್ದು. ಪಕ್ಕದಲ್ಲಿ ಸಂಜುಕುಮಾರನ ಓಕೆ, ಅವಳು ಕಳಿಸಿದ ಮರುನಿಮಿಷವೇ ಒತ್ತಿದ್ದು.

ಆ ದಿನ ಮಧ್ಯಾಹ್ನ ಮೂರೂ ನಲವತ್ತಕ್ಕೆ ಜೀಪು ಔರಾದ ದಾಟಿ ಚಿಂತಾಕಿಯಲ್ಲಿ ನಿಂತಿತು. ಅಂಗಳದಲ್ಲಿ ಸಿದ್ದೇಶ್ವರಿಯ ತಾಯಿ ಲಲಿತಾಬಾಯಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಖಾಕಿ ಕಂಡು ಎದ್ದಳು. "ಮಗಳು ರಜಾ ಮ್ಯಾಲ ಬಂದಾಳರೆವ್ವಾ. ಏನಾತು?"

ಸಿದ್ದೇಶ್ವರಿ ತಾನಾಗಿಯೇ ಹೊರಗೆ ಬಂದಳು. ಒಣಕಲು ಮೈ, ದಪ್ಪ ಕನ್ನಡಕ.

"ಓದಿದ್ರೇನ್ರಿ?" ಎಂದಳು.

"ಓದ್ದೆ. ನೀನೇ ಬರದಿದ್ದು?"

"ಹೌದ್ರಿ. ಮೊದಲ ಓದಿದವ್ರು ನೀವೇ."

"ನಿನ್ನ ಮಾಲಕ್ರು ಹಬೀಬನ ಮ್ಯಾಲ ಹೇಳ್ಯಾರ. ಗೊತ್ತದೇನು?"

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಹಬೀಬಣ್ಣನ ಮ್ಯಾಲ ಯಾಕ್ರಿ? ನಾ ಹೆಸರು ಬರದೀನಲ್ಲ!"

"ಬರದಿದ್ದು ಯಾರು ಓದ್ಯಾರ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಂಧನದ ಕಾರಣ ತಿಳಿಸಿ, ತಾಯಿಯ ಸಹಿ ಪಡೆಯಲಾಯಿತು. ಲಲಿತಾಬಾಯಿ ಸಹಿ ಮಾಡಿ, ಪೆನ್ನು ವಾಪಸು ಕೊಡುವುದನ್ನೇ ಮರೆತು ನಿಂತಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಸಿದ್ದೇಶ್ವರಿ ಯಾವುದನ್ನೂ ಮುಚ್ಚಿಡಲಿಲ್ಲ.

"ಪ್ರಶಸ್ತಿ ಬಂದ ದಿನ ನನಗ ಕುರ್ಚಿ ಒರಸ್ಲಿಕ್ಕ ಹಚ್ಚಿದ್ರು. ಅದಕ್ಕೂ ಸಿಟ್ಟು ಬರ್ಲಿಲ್ಲರಿ. ನಾ ಏನ್ ಬರದ್ರೂ ಯಾರೂ ತೆರದು ನೋಡಂಗಿಲ್ಲ ಅನ್ನೂದು ತಡಕೊಳ್ಳಾಕ ಆಗ್ಲಿಲ್ಲ. ಒಬ್ರರೆ ನೋಡ್ಲಿ, ಬೈಲಿ, ಕೆಲಸದಿಂದ ತೆಗೀಲಿ ಅಂತಿದ್ದೆ."

"ನೀನೇ ಅಳಿಸ್ಬಹುದಿತ್ತಲ್ಲ?"

"ಐತಾರತನಕ ಅಳಿಸ್ತೀನಿ ಅಂತಲೇ ಇದ್ದೆ. ಆಮ್ಯಾಲ ಅನಿಸ್ತು, ಅಳಿಸಿದ್ರ ಅದನ್ನೂ ಯಾರೂ ನೋಡಂಗಿಲ್ಲ."

ಹಬೀಬನ ಪರಿಶೀಲನೆಯ ಕಾಗದವನ್ನು ಶಿವಕಾಂತಾ ಆಗಲೇ "ಯಾವುದೇ ಪ್ರಕರಣವಿಲ್ಲ" ಎಂದು ಬರೆದು ಕಳಿಸಿದ್ದಳು. ಉಳಿದದ್ದನ್ನು ಈಗ ಹೇಳಲೇಬೇಕಿತ್ತು. ಹಳೆಯ ತಕ್ಕಡಿ, ಜಾರಿದ ಕೊಂಡಿ, ಹೋದ ಬೆರಳು. ಕೇಳುತ್ತ ಕೇಳುತ್ತ ಸಿದ್ದೇಶ್ವರಿ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

ನಿಯಮದಂತೆ ವಾಹೀದ ಹೇಳಿಕೆಯನ್ನು ಓದಿ ತಿಳಿಸಿದ. "...ಇದರ ಪರಿಣಾಮವಾಗಿ ಒಬ್ಬ ಹಮಾಲನಿಗೆ ಗಾಯವಾದ ವಿಷಯ ಈಗ ತಿಳಿಯಿತು..."

"ಅವ್ರ ಹೆಸರೇನ್ರಿ?" ಎಂದಳು ಸಿದ್ದೇಶ್ವರಿ.

"ಹೆಸರು ಇದರಾಗ ಬ್ಯಾಡ ತಂಗಿ. ಅದು ಬ್ಯಾರೆ ಕಾಗದದಾಗ ಅದ. ಇಲ್ಲಿ ಹಾಕಿದ್ರ ನಿನಗೇ ಭಾರ."

"ಇದು ನನ್ನ ಹೇಳಿಕಿ ಅದಲ್ಲರಿ?"

ವಾಹೀದ ಇನ್‌ಸ್ಪೆಕ್ಟರಳ ಕಡೆ ನೋಡಿದ. ಶಿವಕಾಂತಾ ತಲೆಯಾಡಿಸಿದಳು.

ಅವನು "ಒಬ್ಬ ಹಮಾಲ" ಎಂಬುದನ್ನು ಹೊಡೆದು ಹಾಕಿ, ಮೇಲೆ "ವೈಜಿನಾಥ" ಎಂದು ಬರೆದ. ಸಿದ್ದೇಶ್ವರಿ ಮುಂದಕ್ಕೆ ಬಾಗಿ, ಅದು ಪೂರ್ತಿಯಾಗುವ ತನಕ ನೋಡುತ್ತ ಕೂತಳು.