ಧನ್ಯಾಗೊಂದು ಬೇರೆ ಕಥೆ

"ಈ ಕಥೇಲಿರೋ ಧನ್ಯಾ ನಾನೇ ಅಲ್ವೇನ್ರೀ?"

ಶಿರಾಳಕೊಪ್ಪದ ಸಂತೆಯ ಗದ್ದಲದಲ್ಲಿ, ಪ್ರದೀಪನ ಬಳೆ ಅಂಗಡಿ ಮುಂದೆ ನಿಂತು ನಾಗವೇಣಿ ಅವನ ಮುಖಕ್ಕೆ ಮೊಬೈಲ್ ಹಿಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬಸ್ ಎಷ್ಟೊತ್ತಿಗೆ ಅಂತ ಕೇಳಿದ ಹಾಗಿತ್ತು.

'ಸೊರಬದಿಂದ ಇಲ್ಲೀವರೆಗೂ ಬಂದಳಾ?!' ಪ್ರದೀಪ ಬಳೆ ಡಬ್ಬಿ ಕೈಗೆತ್ತಿಕೊಂಡು ಒರೆಸತೊಡಗಿದ.

"ಯಾವ ಧನ್ಯಾ? ನಂಗೊತ್ತಿಲ್ಲ ಕಣ್ರೀ..."

"ಸುಳ್ಳು ಹೇಳ್ಬೇಡಿ. ಈ ಕಥೆ ಆ್ಯಪಿನಲ್ಲಿ ಪತ್ತೇದಾರ ಮಲ್ಲೇಶಪ್ಪನ ಕಥೆಗಳನ್ನ ಬರೆಯೋದು ನೀವೇ. ಮದುಮಗಳು ಧನ್ಯಾಗೆ ಬಳೆ ತೊಡಿಸುವಾಗ ಒಂದು ಒಡೀತು, ಬಳೆಗಾರ ಚೂರನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ ಅಂತ ಬರೆದಿದ್ದೀರಲ್ಲ... ಅದು ಗೊತ್ತಿರೋದು ಇಬ್ರಿಗೇ. ನಂಗೆ. ನಿಮ್ಗೆ."

ಅವನು ತಲೆ ತಗ್ಗಿಸಿದ.

ಮದುಮಗಳ ಕೈಲಿ ಹಸಿರು ಬಳೆ ಒಡೆದರೆ ಅಪಶಕುನ ಅಂತ ಮನೆ ತುಂಬಾ ರಾಮಾಯಣ ಆಗುತ್ತಿತ್ತು. ಅದಕ್ಕೇ ಆವತ್ತು ಸೊರಬದ ಅವಳ ಮನೆಯಲ್ಲಿ ಬಳೆ ತೊಡಿಸುವಾಗ ಮುಚ್ಚಿಟ್ಟಿದ್ದ. ಕೊಯ್ದದ್ದು ಅವನ ಅಂಗೈ. ಆದರೂ, "ನೋವಾಯ್ತಾ?" ಅಂತ ಮೆಲ್ಲಗೆ ಅವಳನ್ನೇ ಕೇಳಿದ್ದ. "ಇಲ್ಲ" ಅಂದಿದ್ದಳು.

ಮದುವೆಯ ಬೆಳಿಗ್ಗೆ ಶಿಕಾರಿಪುರದ ವರ ಹರ್ಷವರ್ಧನ ನಾಪತ್ತೆ! ಬೈಕು ಅಂಬ್ಲಿಗೊಳ ಜಲಾಶಯದ ಏರಿ ಮೇಲೆ ಸಿಕ್ಕಿತು. ಶಿಕಾರಿಪುರಕ್ಕೆ ಶಿಕಾರಿಪುರವೇ ನೀರಿಗೆ ಇಣುಕಿತು. ಕೊನೆಗೆ ನೋಡಿದರೆ ಹುಬ್ಬಳ್ಳಿಯಲ್ಲಿ ಗೆಳೆಯನ ರೂಮಲ್ಲಿ ಬಿರಿಯಾನಿ ತಿನ್ನುತ್ತಾ ಕೂತಿದ್ದ. ಭಯ ಆಯ್ತು ಅಂದನಂತೆ. ಭಯವಂತೆ, ಭಯ!

ಊರೆಲ್ಲ ಓಡಿ ಓಡಿ ಅವನನ್ನು ಹುಡುಕಿತು. ಹಸೆಮಣೆ ಹತ್ತಿರ ಕೂತಿದ್ದವಳಿಗೆ ಒಂದು ಲೋಟ ನೀರು ಕೊಟ್ಟವರಿಲ್ಲ.

ಅವತ್ತಿನಿಂದ ನಾಗವೇಣಿಗೆ ಏನೂ ಅನ್ನಿಸುತ್ತಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಉಣ್ಣುತ್ತಾಳೆ. ಕರೆದರೆ ತಿರುಗುತ್ತಾಳೆ. ಅಷ್ಟೇ...

"ನನ್ನ ಮಾನ ಮಾರಿ ಎಷ್ಟು ಜನ ಓದುಗರು ಸಿಕ್ಕಿದ್ರು?"

"ಬೈಯ್ರಿ, ತಪ್ಪು ನಂದೇ. ಆದ್ರೆ ಮಾರೋಕೆ ಬರೀಲಿಲ್ಲ ರೀ! ಮಲ್ಲೇಶಪ್ಪ ವರನ್ನ ಹಿಡಿದ, ಕೇಸ್ ಮುಗೀತು ಅಂತ ಬೀಡಿ ಹಚ್ಚಿದ. ಬರೆದ್ಮೇಲೆ ನನ್ ಮೇಲೇ ನಂಗೆ ಸಿಟ್ಟು ಬಂತು. ಮಂಟಪದಲ್ಲಿ ಕೂತಿರೋಳ ಗತಿ ಏನಲೇ ಅಂತ! ಅದಕ್ಕೇ ಧನ್ಯಾಗೊಂದು ಬೇರೆ ಕಥೆ ಶುರು ಮಾಡ್ದೆ. ಅದ್ರಲ್ಲಿ ಪತ್ತೇದಾರ ಇಲ್ಲ, ಅವಳೇ ಎಲ್ಲಾ."

"ಓದಿದೆ. ಯಾಕೆ ಮುಗಿಸಿಲ್ಲ?"

"ಓದೋರೆಲ್ಲ ಆ ವರನ್ನ ವಾಪಸ್ ಕರೆಸಿ ಮದುವೆ ಮಾಡ್ಸಿ ಅಂತಾರೆ. ನನ್ ಕೈಲಾಗಲ್ಲ."

"ನಿಜವಾಗ್ಲೂ ವಾಪಸ್ ಬಂದಿದ್ದಾನೆ." ನಾಗವೇಣಿ ಕೈಯ ಹಸಿರು ಬಳೆ ನೋಡಿಕೊಂಡಳು. "ನಾಳೆ ಅವರ ಮನೆಯವರು ಮತ್ತೆ ಮಾತಿಗೆ ಬರ್ತಾರೆ. ಅಮ್ಮ ಇವನ್ನ ಬಿಚ್ಚೋಕೇ ಬಿಟ್ಟಿಲ್ಲ. 'ಹುಡುಗ ಬಂದ್ನಲ್ಲ, ಇನ್ನೇನೇ ನಿಂದು?' ಅಂತಾಳೆ. ಹೂಂ ಅನ್ನೋಕೂ ಬೇಡ ಅನ್ನೋಕೂ ನಂಗೇನೂ ಅನ್ನಿಸ್ತಿಲ್ಲ ರೀ... ಧನ್ಯಾ ಏನಂತಾಳೆ? ಹೇಳಿ, ಅದನ್ನೇ ಹೇಳ್ತೀನಿ."

"ನಾನು ಹೇಳಲ್ಲ!" ಪ್ರದೀಪ ಡಬ್ಬಿ ಕುಕ್ಕಿದ. ಬಳೆಗಳು ಝಲ್ಲೆಂದವು. "ಅಪ್ಪ, ಅಮ್ಮ, ಊರು, ಓದೋರು... ಎಲ್ರೂ ಅವಳ ಬಾಯಿಗೆ ಮಾತು ತುರುಕಿದ್ದಾಯ್ತು. ಈಗ ನಾನೂ ತುರುಕಬೇಕಾ?"

ಪಕ್ಕದ ಮೆಣಸಿನಕಾಯಿ ರಾಶಿಯಿಂದ ಹುಲಿಗೆಮ್ಮ ಕತ್ತು ಚಾಚಿದಳು. "ಏನ್ಲೇ ಪ್ರದೀಪ, ಬಳೆ ಮಾರ್ತೀಯೋ ಜಗಳ ಮಾರ್ತೀಯೋ?"

"ಸುಮ್ನಿರಬೇ!" ಅಂದವನ ದನಿ ನಾಗವೇಣಿ ಕಡೆ ತಿರುಗುವಷ್ಟರಲ್ಲಿ ಇಳಿದಿತ್ತು. "ನಿಮ್ಗೆ ಏನ್ ಬೇಕು ರೀ?"

'ನಂಗೆ...?'

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ! ಉತ್ತರ ಎಲ್ಲಿದೆ ಅಂತ ಅವಳು ತನ್ನೊಳಗೇ ತಡಕಾಡಿದಳು. ಆಮೇಲೆ ಎರಡೂ ಕೈ ಚಾಚಿದಳು.

"ಇವನ್ನ ತೆಗೀರಿ."

"ನಾಳೆ ಮನೇಲಿ..."

"ತೆಗೀರಿ ಅಂದೆ."

ಅವನು ನೀರು, ಸೋಪು ತಂದ. ಮುಂಗೈಗೆ ನೊರೆ ಹಚ್ಚಿ ಒಂದೊಂದೇ ಬಳೆ ಜಾರಿಸಿದ. ಒಂದನ್ನೂ ಒಡೆಯಲಿಲ್ಲ. ಬರಿಗೈಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಆವತ್ತಿನ ಚೂರು ಇನ್ನೂ ನನ್ ಹತ್ರಾನೇ ಇದೆ," ಪ್ರದೀಪ ಅಂದ. "ಯಾಕಂತ ಕೇಳ್ಬೇಡಿ."

"ಯಾಕೆ?"

"...ನೀವಂದ್ರೆ ಇಷ್ಟ. ಆವತ್ತಿಂದ. ಇನ್ನೊಬ್ಬನಿಗೆ ನಿಶ್ಚಯ ಆದೋಳ ಕೈ ಹಿಡಿದು ಹಂಗನ್ನಿಸ್ತಲ್ಲ ಅಂತ ನಾಚಿಕೆಯಾಗಿ ಕಥೆ ಬರ್ಕೊಂಡು ಕೂತೆ. ಉತ್ರ ಬೇಡ ರೀ. ನಾಳೆ ಏನ್ ಹೇಳಿದ್ರೂ ನನಗೋಸ್ಕರ ಹೇಳ್ಬೇಡಿ."

"ಅವನು ಬೇಡ ಅಂತೀನಿ. ಅದು ನನಗೋಸ್ಕರ."

ಹೇಳಿದವಳಿಗೇ ಆಶ್ಚರ್ಯವಾಯಿತು. ತನ್ನ ದನಿ ತನಗೇ ಕೇಳಿಸಿತ್ತು!

"ಆ ನೀಲಿ ಬಳೆ ಕೊಡಿ."

"ನಿಮ್ ಅಳತೆಗೆ ಬಿಗಿ ಆಗುತ್ತೆ."

"ಅದೇ ಬೇಕು. ನೀವೇ ತೊಡಿಸಿ."

ಅವನು ಬೆರಳು ಮಡಚಿ, ಗಿಣ್ಣು ಒತ್ತಿ, ಉಸಿರು ಬಿಗಿಹಿಡಿದು ತಳ್ಳಿದ. ಬಳೆ ಮಣಿಕಟ್ಟಿಗೆ ಇಳಿಯಿತು. ಮುಂಗೈ ಕೆಂಪಾಯಿತು.

"ನೋವಾಯ್ತಾ?"

ನಾಗವೇಣಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳದೆ ನಕ್ಕಳು.

"ಆಯ್ತು ರೀ... ಜೋರಾಗೇ ಆಯ್ತು."

ಗಾಬರಿಯಿಂದ ಅವನು ಕೈ ಬಿಡಹೋದ.

"ಬಿಡಬೇಡಿ," ಅಂದಳು. "ಇನ್ನೊಂದು ಕೈ ಇದೆಯಲ್ಲ..."