ಜಲಗೌರಿಯ ಐದನೆಯವನು

ಪ್ರದೀಪ ಮೊಗವೀರ ಬೋಟಿನ ಅಂಚಿಗೆ ಒರಗಿ, ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, "ಅಬ್ಬೀ, ನಾಳೆ ಬತ್ತೆ" ಎಂದು ಫೋನಿನಲ್ಲಿ ತಾಯಿಗೆ ಹೇಳಿ ನಕ್ಕ. ಆಮೇಲೆ ಪಡುವಣ ದಿಕ್ಕಿನಿಂದ ಗೋಡೆಯಂತೆ ಎದ್ದ ಅಲೆ 'ಜಲಗೌರಿ'ಯನ್ನು ನುಂಗಿತು. 'ಪಡುಗಾಳಿ' ಧಾರಾವಾಹಿಯ ಕೊನೆಯ ಕಂತು ಮುಗಿಯಿತು. ಟಿವಿಯ ಮುಂದೆ ಕೂತಿದ್ದ ಕರ್ನಾಟಕ ಎದೆ ಎದೆ ಬಡಿದುಕೊಂಡು ಅತ್ತಿತು.

ಪರದೆಯ ಮೇಲಿದ್ದವನು ನಟನಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ, 2020ರ ದಶಕದಲ್ಲಿ, ನಿಜವಾಗಿಯೂ ಕಡಲುಪಾಲಾದ ಹುಡುಗ. ಅವನು ಬದುಕಿದ್ದಾಗ ಬೋಟಿನ ಮೇಲಿನ ದಿನಚರಿಯನ್ನೆಲ್ಲ ಫೋನಿನಲ್ಲಿ ತುಂಬಿಸಿ ಆಗಿಂದಾಗ ಬೋಟಿನಿಂದಲೇ ಲೋಕಕ್ಕೆ ತೋರಿಸುತ್ತಿದ್ದ. 'ಮರುರೂಪಿ' ಎಂಬ ಯಂತ್ರ ಆ ಹಳೆಯ ವಿಡಿಯೋಗಳನ್ನೆಲ್ಲ ಅರೆದು ಕುಡಿದಿತ್ತು. ಅವನ ದನಿ, ಹುಬ್ಬು ಹಾರಿಸುವ ರೀತಿ, ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುವ ಚಾಳಿ, ಎಲ್ಲವನ್ನೂ ಕಲಿತು ಅವನನ್ನು ಹೊಸದಾಗಿ ಕಟ್ಟಿ ನಿಲ್ಲಿಸಿತ್ತು.

ಅಳು ಟಿವಿ ಆರಿಸಿದ ಮೇಲೂ ನಿಲ್ಲಲಿಲ್ಲ. ಹಾವೇರಿಯ ಆಟೋ ನಿಲ್ದಾಣದಲ್ಲಿ 'ಮತ್ತೆ ಹುಟ್ಟಿ ಬಾ ಪ್ರದೀಪಣ್ಣ' ಎಂಬ ಫ್ಲೆಕ್ಸ್ ಎದ್ದಿತು. ದಾವಣಗೆರೆಯ ಅಭಿಮಾನಿಗಳು ಹನ್ನೊಂದನೆಯ ದಿನಕ್ಕೆ ಪೆಂಡಾಲು ಹಾಕಿ ಬಂದವರಿಗೆಲ್ಲ ಊಟ ಹಾಕಿದರು. ಚಾಮರಾಜನಗರದಲ್ಲಿ ಕೆಲವರು ತಲೆ ಬೋಳಿಸಿಕೊಂಡರು. ಸೀರಿಯಲ್ಲಿನವನಿಗೆ ತಿಥಿಯೇ ಎಂದು ನಗುವವರು ನಗಲಿ. ಧಾರವಾಡದ ಪ್ರಯೋಗಾಲಯದಲ್ಲಿ ಕೂತು ಮರುರೂಪಿಯನ್ನು ಕಂಡುಹಿಡಿದ ಸುನಂದಾ ಹಂಚಿನಮನಿಯೇ ಕೊನೆಯ ಕಂತು ನೋಡಿ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದಳು. ತಾನೇ ಕಟ್ಟಿದ ಗೊಂಬೆಗೆ ತಾನೇ ಅತ್ತದ್ದಕ್ಕೆ ಅವಳಿಗೆ ನಾಚಿಕೆಯೂ ಆಗಿತ್ತು, ಹೆಮ್ಮೆಯೂ ಆಗಿತ್ತು.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಕುಂದಾಪುರದ ಕಡೆಯ ಹೆಂಗಸೊಬ್ಬಳು ಅವಳನ್ನು ಹುಡುಕಿಕೊಂಡು ಬಂದಳು. ಹೆಸರು ಮನ್ವಿತಾ, ಬಂದರಿನಲ್ಲಿ ಐಸ್ ಪ್ಲಾಂಟ್ ನಡೆಸುವವಳು. ಕೊಟ್ಟ ಚಹಾ ಮುಟ್ಟದೆ ನೇರವಾಗಿ ವಿಷಯಕ್ಕೆ ಬಂದಳು.

"ಮೇಡಂ, ಜಲಗೌರಿಯಂಗೆ ಐದ್ ಜನ ಇದ್ದಿದ್ರ್. ನಿಮ್ಮ ಸೀರಿಯಲ್ಲಂಗೆ ನಾಕೇ ಜನ. ನನ್ನ ಅಪ್ಪಯ್ಯನೇ ಇಲ್ಲೆ."

"ಹೆಸರೇನ್ರಿ ಅವರದು?"

"ವಾಮನ ಮೊಗವೀರ."

ಸುನಂದಾಳಿಗೆ ಆ ಹೆಸರು ನೆನಪಿತ್ತು. ಟಿವಿಯವರು ಐದೂ ಹೆಸರು ಕೊಟ್ಟಿದ್ದರು. ವಾಮನನದು ಒಂದು ಚಿತ್ರವಿಲ್ಲ, ಒಂದು ಮಾತಿಲ್ಲ, ಇವನನ್ನು ಕಟ್ಟಲಾಗದು ಎಂದು ಹೇಳಿ ಕಳಿಸಿದವಳು ಅವಳೇ. ಕಟ್ಟಲಾಗದವನನ್ನು ಅವರು ಕತೆಯಿಂದ ಇಳಿಸಿಬಿಟ್ಟಿದ್ದರು.

"ಮನ್ಯಾಗ ಒಂದರ ಫೋಟೋ ಐತೇನ್ರಿ?" ಎಂದು ಕೇಳಿದಳು.

"ಮದ್ವಿ ಫೋಟೋ ಒಂದ್ ಇದ್ದಿತ್ತಂಬ್ರ್. ಕಡಲ್ ಮೇಲ್ ಬಂದಾಗ ಮನಿ ಒಟ್ಟಿಗೆ ಅದೂ ಹೋಯ್ತ್." ಮನ್ವಿತಾ ಚಹಾದ ಲೋಟವನ್ನು ಬದಿಗೆ ಸರಿಸಿದಳು. "ಅವ್ರ್ ಹೋಪ ಹೊತ್ತಿಗೆ ನಾನ್ ಅಬ್ಬಿ ಹೊಟ್ಟೆಂಗೆ ಇದ್ದೆ. ಅವ್ರ್ ಹ್ಯಾಂಗಿದ್ರ್ ಅಂದ್ ನಂಗೂ ಗೊತ್ತಿಲ್ಲೆ. ಈಗ ಊರಂಗೂ ಸಣ್ಣೋರ್ ಕೇಂತ್ರ್, ನಿನ್ನ ಅಪ್ಪಯ್ಯ ಆ ಬೋಟಂಗೆ ಇದ್ದದ್ದ್ ಹೌದಾ ಅಂದ್. ನೀವ್ ಅವ್ರನ್ನ ಎರಡನೇ ಸಲ ಮುಳುಗ್ಸಿದ್ರಿ ಮೇಡಂ."

ಕೂಗಿ ಹೇಳಿದ್ದರೆ ಸುನಂದಾ ಏನಾದರೂ ಸಮಜಾಯಿಷಿ ಕೊಡುತ್ತಿದ್ದಳೇನೋ. ಮನ್ವಿತಾ ಹೇಳಿದ್ದು ಮೆಲ್ಲಗೆ. "ಹುಡುಕ್ತೀನ್ರಿ," ಎಂದಷ್ಟೇ ಹೇಳಿ ಕಳಿಸಿಕೊಟ್ಟಳು. ಏನನ್ನು ಹುಡುಕಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

ಮರುರೂಪಿ ಎಂಥ ಹಳೆಯ ವಿಡಿಯೋ ಕೊಟ್ಟರೂ ಮೊದಲು ಕಸ ತೆಗೆಯುತ್ತಿತ್ತು. ಕೈಯಲ್ಲಿ ಹಿಡಿದು ತೆಗೆದ ಚಿತ್ರ ಅಲುಗುತ್ತದೆ. ಆ ಅಲುಗಾಟವನ್ನು ಅಳಿಸಿದರೆ ಮುಖ ಸ್ಪಷ್ಟವಾಗುತ್ತದೆ. ಹೀಗೆ ತೊಳೆದ ಪ್ರತಿಗಳನ್ನಷ್ಟೇ ನೋಡಿದ್ದ ಸುನಂದಾ ಈಗ ಮೂಲಪ್ರತಿಗಳನ್ನು ತೆಗೆದು ಕೂತಳು. ಎಲ್ಲಾದರೂ ಒಂದು ಮೊಣಕೈ, ಒಂದು ನೆರಳು ಸಿಕ್ಕೀತೆಂಬ ಆಸೆ. ದಿನಗಟ್ಟಲೆ ನೋಡಿದರೂ ಸಿಗಲಿಲ್ಲ.

ಕಡೆಗೆ ಒಂದು ಸಾದಾ ವಿಡಿಯೋ ಅವಳನ್ನು ಹಿಡಿದು ನಿಲ್ಲಿಸಿತು. ಪ್ರದೀಪ ಬಂಗುಡೆ ಹುರಿಯುತ್ತ ಹಾಡುತ್ತಿದ್ದಾನೆ. ಅವನ ಪಕ್ಕದಲ್ಲಿ ಇಬ್ಬರು ಬಲೆಯ ಸಿಕ್ಕು ಬಿಡಿಸುತ್ತಿದ್ದಾರೆ. ಹಿಂದೆ ಚುಕ್ಕಾಣಿ ಹಿಡಿದವನು ಕಾಣುತ್ತಾನೆ. ಸೀರಿಯಲ್ಲಿನ ನಾಲ್ವರೂ ಚೌಕಟ್ಟಿನೊಳಗಿದ್ದಾರೆ. ಆದರೆ ಚಿತ್ರ ಒಂದೆಡೆ ನಿಂತಿಲ್ಲ, ಬೋಟಿನ ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಿದೆ.

ಸುನಂದಾ ಕುರ್ಚಿಯಿಂದ ಎದ್ದು ನಿಂತಳು. ಫೋನು ಹಿಡಿದವನು ಐದನೆಯವನು. ಪ್ರದೀಪನ ಹಾಡಿಗೆ ಅಡ್ಡ ಬರಬಾರದೆಂದು ಒಂದು ಮಾತೂ ಆಡದೆ, ಎಲ್ಲ ವಿಡಿಯೋಗಳನ್ನೂ ತೆಗೆದವನು ಅವನೇ. ಇಡೀ ನಾಡು ಪ್ರದೀಪನನ್ನು ನೋಡಿದ್ದು, ಮೆಚ್ಚಿದ್ದು, ಅತ್ತದ್ದು ಎಲ್ಲವೂ ವಾಮನ ಮೊಗವೀರನ ಕಣ್ಣಿನಿಂದ. ತಾನು ಕಸವೆಂದು ಗುಡಿಸಿ ಹಾಕಿದ್ದು ಅವನನ್ನೇ.

ಅವಳು ಯಂತ್ರವನ್ನು ತಿರುವು ಮುರುವು ನಡೆಸಿದಳು. ಈ ಸಲ ಮುಖಗಳನ್ನು ಅಳಿಸಿ, ಬೋಟಿನ ತೊನೆದಾಟವನ್ನು ಕಳೆದು, ಕೈಯ ಅಲುಗಾಟವನ್ನಷ್ಟೇ ಉಳಿಸಿಕೊಂಡಳು. ನಿಧಾನವಾಗಿ ಒಬ್ಬ ಮನುಷ್ಯ ಮೂಡತೊಡಗಿದ. ಆಳು ಎತ್ತರ. ನಡೆಯುವಾಗ ಬಲಗಾಲು ತುಸು ತಡವಾಗಿ ಬರುತ್ತದೆ. ಪ್ರದೀಪ ತಮಾಷೆ ಮಾಡಿದಾಗಲೆಲ್ಲ ಚಿತ್ರ ಕುಲುಕುತ್ತದೆ, ಅಂದರೆ ಸದ್ದಿಲ್ಲದೆ ಮೈಯೆಲ್ಲ ನಗುವ ಜಾತಿ. ಇದೆಲ್ಲದರ ಅಡಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಒಂದೇ ಸಮನೆ ಇನ್ನೊಂದು ಮಿಡಿತವಿತ್ತು. ಗುಂಡಿಗೆ ರಕ್ತವನ್ನು ನೂಕಿದಾಗಲೆಲ್ಲ ಮೈ ಎಳ್ಳಷ್ಟು ಅಲುಗುತ್ತದೆ, ಕೈಯೂ ಅಲುಗುತ್ತದೆ, ಕೈಯಲ್ಲಿರುವ ಫೋನೂ ಅಲುಗುತ್ತದೆ. ನಲವತ್ತು ವರ್ಷ ಅದು ಆ ಚಿತ್ರಗಳೊಳಗೆ ಮಿಡಿಯುತ್ತಲೇ ಇತ್ತು.

ಮನ್ವಿತಾ ಮತ್ತೆ ಬಂದಳು. ಸುನಂದಾ ಅವಳನ್ನು ಕೂರಿಸಿ, "ಮುಖ ಸಿಗಲಿಲ್ರಿ, ದನಿನೂ ಸಿಗಲಿಲ್ಲ. ಇದೊಂದು ಸಿಕ್ಕೇತಿ," ಎಂದು ಆ ಮಿಡಿತವನ್ನು ಸದ್ದಾಗಿಸಿ ಸ್ಪೀಕರ್ ಹಾಕಿದಳು.

ಲಬ್ ಡಬ್, ಲಬ್ ಡಬ್ ಎಂದು ಕೋಣೆ ತುಂಬಿತು. ಮನ್ವಿತಾ ಮುಂದಕ್ಕೆ ಬಾಗಿ ಕೇಳಿದಳು.

"ಎಂತದಿದ್?"

"ನಿಮ್ಮ ತಂದೀ ಎದಿ."

ಮನ್ವಿತಾ ಎದ್ದು ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು.

ಕೊನೆಯ ಸಂಜೆಯ ವಿಡಿಯೋ ತೋರಿಸಲೋ ಬೇಡವೋ ಎಂದು ಸುನಂದಾ ಹಿಂದೆ ಮುಂದೆ ನೋಡಿದಳು. ಮನ್ವಿತಾಳೇ, "ಹಾಕಿ ಮೇಡಂ," ಎಂದಳು. ಪ್ರದೀಪ ಅಬ್ಬಿಗೆ ನಾಳೆ ಬರುತ್ತೇನೆಂದು ಹೇಳುತ್ತಿರುವಾಗ ಚಿತ್ರ ಒಂದು ಗಳಿಗೆ ಪಡುವಣಕ್ಕೆ ತಿರುಗುತ್ತದೆ. ಆಕಾಶ ಕಪ್ಪಿಟ್ಟಿದೆ. ಎದೆಬಡಿತ ಒಮ್ಮೆಲೇ ದೌಡಾಯಿಸುತ್ತದೆ. ಆಮೇಲೆ ಚಿತ್ರ ಪ್ರದೀಪನತ್ತ ಮರಳಿ, ಹುಡುಗ ಮಾತು ಮುಗಿಸುವವರೆಗೂ ಕದಲದೆ ನಿಲ್ಲುತ್ತದೆ. ಎದೆ ಓಡುತ್ತಲೇ ಇತ್ತು, ಕೈ ಮಾತ್ರ ನಡುಗಲಿಲ್ಲ.

"ಗೊತ್ತಾಯ್ತ್ ಅವ್ರಿಗೆ," ಎಂದಳು ಮನ್ವಿತಾ. "ಅಬ್ಬಿ ಹತ್ರ ಮಾತಾಡ್ತಿಪ್ಪು ಮಾಣಿ ಹೆದ್ರೂದ್ ಬ್ಯಾಡ ಅಂದ್ ಸುಮ್ನೆ ಹಿಡ್ಕಂಡ್ ನಿಂತ್ರ್."

ಟಿವಿಯವರು ಕೊನೆಯ ಕಂತನ್ನು ಮತ್ತೊಮ್ಮೆ ಪ್ರಸಾರ ಮಾಡಿದರು. ಮನ್ವಿತಾ ಒಪ್ಪಿದ್ದು ಎರಡು ಕರಾರುಗಳ ಮೇಲೆ. ಅಪ್ಪಯ್ಯನಿಗೆ ಅಂದಾಜಿನ ಮುಖ ಕೊಡಬಾರದು, ಆಡದ ಮಾತು ಆಡಿಸಬಾರದು. ಅಲುಗಾಟವನ್ನು ಹಾಗೆಯೇ ಬಿಟ್ಟು, ಎದೆಬಡಿತ ಕೇಳಿಸಿ, ಮೊದಲಿಗೆ ಐದು ಹೆಸರು ಹಾಕಿದರು. ಆ ರಾತ್ರಿ ನೋಡುಗರು ಕಿರುಚಿ ಅಳಲಿಲ್ಲ. ಇಷ್ಟು ದಿನ ಯಾರ ಕಣ್ಣಿನಿಂದ ನೋಡುತ್ತಿದ್ದೆವೆಂದು ತಿಳಿದು ಮನೆಮನೆಯಲ್ಲಿ ಜನ ದಂಗಾಗಿ ಕೂತರು. ಮರುದಿನ ಹಾವೇರಿಯ ಆಟೋದವರು ಇನ್ನೊಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಚಿತ್ರದ ಜಾಗ ಖಾಲಿ, ಕೆಳಗೆ ವಾಮನಣ್ಣ ಎಂದಷ್ಟೇ ಬರೆದಿತ್ತು.

ಆಮೇಲೆ ಒಂದು ಹೊಸ ಪದ್ಧತಿ ತಾನಾಗಿಯೇ ಹುಟ್ಟಿಕೊಂಡಿತು. ಮದುವೆಯಿರಲಿ, ನಾಮಕರಣವಿರಲಿ, ಚಿತ್ರ ತೆಗೆಯುವವರು ಮೊದಲು ತಮ್ಮ ಹೆಸರು ಹೇಳುವುದು. ಆ ವರ್ಷದ ಸಮುದ್ರಪೂಜೆಯ ದಿನ ಸುನಂದಾ ಕುಂದಾಪುರಕ್ಕೆ ಹೋಗಿದ್ದಳು. ಕಡಲಿಗೆ ಹಾಲೆರೆಯುತ್ತಿದ್ದವರತ್ತ ಫೋನು ಹಿಡಿದ ಮನ್ವಿತಾ, "ತೆಗೂದ್ ನಾನ್, ಮನ್ವಿತಾ. ವಾಮನ ಮೊಗವೀರರ ಮಗಳ್," ಎಂದು ಗಟ್ಟಿಯಾಗಿ ಹೇಳಿದಳು.

ಇತ್ತ ಪ್ರಯೋಗಾಲಯಕ್ಕೆ ನಾಡಿನ ಮೂಲೆಮೂಲೆಯಿಂದ ಹಳೆಯ ಫೋನುಗಳು ಬಂದು ಬಿದ್ದವು. ಹೆಚ್ಚಿನವು ಜಲಗೌರಿ ಮುಳುಗಿದ ಆಸುಪಾಸಿನ ವರ್ಷಗಳವು. ಆ ಕಾಲದಲ್ಲಿ ಜನರಿಗೆ ಚಿತ್ರ ತೆಗೆಯುವುದೆಂದರೆ ಎಲ್ಲಿಲ್ಲದ ಹುಚ್ಚು. ಪ್ರತಿಯೊಂದರಲ್ಲೂ ಒಂದು ಮನೆಯವರೆಲ್ಲ ಸಾಲಾಗಿ ನಿಂತು, ಚಿತ್ರದಲ್ಲಿಲ್ಲದ ಒಬ್ಬರನ್ನು ನೋಡಿ ನಗುತ್ತಿದ್ದರು. ಅದು ಯಾರು ಎಂದು ಬರೆದು ಕೇಳಿದ್ದಕ್ಕೆ ಸುನಂದಾ ಬಹಳಷ್ಟು ಜನರಿಗೆ ಉತ್ತರ ಕೊಡಲಾರದೆ ಹೋದಳು. ಆ ದಿನಗಳಲ್ಲೇ ಕೇಳಿದ್ದರೆ, ಹೇಳುವವರು ಮನೆಯಲ್ಲೇ ಇದ್ದರು.